ದೊಡ್ಡ ಐಟಿ ಕಂಪನಿಯಲ್ಲಿ ಒಂಬತ್ತು ವರ್ಷ ಎಂಟು ತಿಂಗಳು: ಏನು ಸಿಕ್ಕಿತು, ಏನು ಹೋಯಿತು

ಚಿಕ್ಕಮ್ಮನ ಮಗಳಿಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದೆ. ದೊಡ್ಡ ಸಾಫ್ಟ್‌ವೇರ್ ಸರ್ವಿಸ್ ಕಂಪನಿ, ಲಕ್ಷಗಟ್ಟಲೆ ಜನ ಇರುವಂಥದ್ದು. ಅದೇ ವಾರ ಇಪ್ಪತ್ತು ಜನರ ಸಣ್ಣ ಕಂಪನಿಯೊಂದು ಇನ್ನೂ ಸ್ವಲ್ಪ ಜಾಸ್ತಿ ಸಂಬಳಕ್ಕೆ ಕರೆಯಿತು. ಮನೆಯವರೆಲ್ಲ ದೊಡ್ಡದಕ್ಕೇ ಹೋಗು ಅಂದರು. ಸ್ನೇಹಿತರೆಲ್ಲ ಅಲ್ಲಿಗೆ ಹೋದರೆ ಮುಗೀತು ಅಂದರು. ಅವಳು ನನಗೆ ಫೋನ್ ಮಾಡಿ, ಅಕ್ಕಾ ನೀನು ಹತ್ತು ವರ್ಷ ಇದ್ದೆಯಲ್ಲ, ನಿಜವಾಗಿ ಹೇಗಿತ್ತು ಹೇಳು ಅಂದಳು. ಫೋನಿನಲ್ಲಿ ಒಂದು ಗಂಟೆ ಹೇಳಿದೆ, ಆದರೂ ಅರ್ಧ ಉಳಿಯಿತು. ಅವಳಂಥ ಹುಡುಗ ಹುಡುಗಿಯರು ತುಂಬಾ ಜನ ಇದ್ದಾರೆ, ಅದಕ್ಕೇ ಪೂರ್ತಿ ಬರೆದುಬಿಡುತ್ತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿತ್ತು, ಅಷ್ಟು ಸಾಕು. ಈ ಗಾತ್ರದ ಬೇರೆ ಕಂಪನಿಗಳಲ್ಲಿರುವ ಸ್ನೇಹಿತರ ಜೊತೆ ಮಾತಾಡಿದಾಗಲೂ ಕಥೆ ಹೆಚ್ಚುಕಮ್ಮಿ ಇದೇ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಕೆಲಸದ ಸುತ್ತ ಏನೇನಿದೆಯೋ ಅದನ್ನೆಲ್ಲ ದೊಡ್ಡ ಕಂಪನಿ ಚೆನ್ನಾಗಿ ನೋಡಿಕೊಳ್ಳುತ್ತದೆ. ಸಂಬಳ, ವಿಮೆ, ಬಸ್ಸು, ರಜೆ, ರಾತ್ರಿ ಮನೆ ತಲುಪಿಸುವ ಕ್ಯಾಬು, ಎಲ್ಲ. ನಡುವೆ ಇರುವ ಕೆಲಸ ಮಾತ್ರ ಸೊರಗುತ್ತದೆ, ಅದರ ಜೊತೆ ಕೆಲಸ ಮಾಡುವವರ ಕೈಯೂ ಸೊರಗುತ್ತದೆ. 5ಕ್ಕೆ ಮೂರೂವರೆ ಕೊಡುತ್ತೇನೆ. ಅಪ್ಪನ ಆಪರೇಷನ್ ಆದ ವರ್ಷ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಆ ಕಥೆ ಮುಂದೆ ಬರುತ್ತದೆ.

ನಮ್ಮದು ಚಳ್ಳಕೆರೆ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ದಾವಣಗೆರೆಯಲ್ಲಿ ಬಿಇ ಮುಗಿಸಿ 2014ರ ಜುಲೈನಲ್ಲಿ ಸೇರಿದೆ. ವರ್ಷಕ್ಕೆ 3.25 ಲಕ್ಷ. ಮೊದಲ ತಿಂಗಳು ಕೈಗೆ 22 ಸಾವಿರದ ಮೇಲೆ ಬಂತು. ಅಪ್ಪನ ಸಂಬಳಕ್ಕಿಂತ ಜಾಸ್ತಿ. ಆ ದಿನ ಅಪ್ಪ ಫೋನಿನಲ್ಲಿ ಏನೂ ಮಾತಾಡಲಿಲ್ಲ, ಅಮ್ಮನ ಕೈಗೆ ಕೊಟ್ಟುಬಿಟ್ಟರು. ಇದನ್ನು ಯಾಕೆ ಹೇಳುತ್ತೇನೆಂದರೆ, ದೊಡ್ಡ ಕಂಪನಿಗಳನ್ನು ಬೈಯುವ ಮಾತು ಓದುವಾಗ ನನಗೆ ಒಂದು ವಿಷಯ ಕೊರೆಯುತ್ತದೆ. ಇಂಗ್ಲಿಷ್ ತಡವರಿಸುವ, ಯಾರ ಪರಿಚಯವೂ ಇಲ್ಲದ ಜಿಲ್ಲಾ ಕಾಲೇಜಿನ ಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ತೆಗೆದುಕೊಂಡು, ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸಿ, ಆಮೇಲೆ ಕೆಲಸಕ್ಕೆ ಹಚ್ಚುವುದು ಇವೇ ಕಂಪನಿಗಳು. ಸಣ್ಣ ಕಂಪನಿ ಬಂದ ಮೊದಲ ದಿನದಿಂದ ಕೆಲಸ ಕೇಳುತ್ತದೆ. ಅದು ತಪ್ಪಲ್ಲ, ಅವರಿಗೆ ಕಾಯುವಷ್ಟು ದುಡ್ಡಿರುವುದಿಲ್ಲ. ಆದರೆ ನನ್ನಂಥವಳಿಗೆ ಒಳಗೆ ಬರಲು ಬಾಗಿಲು ತೆರೆದದ್ದು ದೊಡ್ಡ ಕಂಪನಿ.

ತರಬೇತಿ ಮೂರು ತಿಂಗಳು. ಬೆಳಗ್ಗೆ ಎಂಟೂವರೆಯಿಂದ ಸಂಜೆವರೆಗೆ ಪಾಠ, ವಾರಕ್ಕೊಂದು ಪರೀಕ್ಷೆ, ಎರಡು ಸಲ ಫೇಲಾದರೆ ಮನೆಗೆ. ಹೆದರಿಕೆ ಇತ್ತು, ನಿಜ. ಆದರೂ ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಕಲಿಯದ್ದನ್ನು ಅಲ್ಲಿ ಕಲಿತೆ. ಬೇರೆಯವರು ಬರೆದ ಕೋಡ್ ಓದುವುದು, ಡೇಟಾಬೇಸ್ ಸರಿಯಾಗಿ ಬಳಸುವುದು, ಮೇಲ್ ಬರೆಯುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳಿ ಕೇಳುವುದು.

ಈಗ ಸಂಬಳದ ವಿಷಯ, ಯಾಕಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಸೇರಿದಾಗ 3.25 ಲಕ್ಷ ಇದ್ದದ್ದು, ಇಷ್ಟು ವರ್ಷದ ಮೇಲೆ ನನ್ನ ತಂಗಿಯ ಆಫರ್ ಪತ್ರದಲ್ಲಿ 3.6 ಲಕ್ಷ ಇದೆ. ನಾನಿದ್ದ ಬಿಟಿಎಂ ಪಿಜಿಯಲ್ಲಿ ಆಗ ಇಬ್ಬರ ರೂಮಿಗೆ 5,500. ಅವಳು ಹೋದ ವಾರ ಅದೇ ಬೀದಿಯಲ್ಲಿ ವಿಚಾರಿಸಿದರೆ 12 ಸಾವಿರ ಅಂದರಂತೆ. ಹೊಸಬರ ಸಂಬಳ ನಿಂತಲ್ಲೇ ನಿಂತಿದೆ, ಊರು ಮಾತ್ರ ಮುಂದೆ ಹೋಗಿದೆ. ಇದು ನನಗೆ ತುಂಬಾ ಬೇಸರ ತರುವ ವಿಷಯ.

3.6 ಲಕ್ಷ ಅಂದರೆ ತಿಂಗಳಿಗೆ 30 ಸಾವಿರ ಅಂತ ಚಿಕ್ಕಪ್ಪ ಲೆಕ್ಕ ಹಾಕಿಕೊಂಡಿದ್ದರು. ಅವಳ ಪತ್ರ ತರಿಸಿಕೊಂಡು ಕೂತು ನೋಡಿದೆ. ಮೂಲ ವೇತನ 15 ಸಾವಿರ. ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಹಣ) ಅಂತ 721, ಇವೆರಡೂ ಆ 30 ಸಾವಿರದ ಒಳಗೇ ಇವೆ. ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವ ಭಾಗ, 3,000, ಅದು ತಿಂಗಳಿಗೆ ಬರುವುದಿಲ್ಲ, ಬಂದಾಗಲೂ ಪೂರ್ತಿ ಬರುತ್ತದೆ ಅನ್ನುವ ಭರವಸೆ ಇಲ್ಲ. ಅವಳ ಪಾಲಿನ ಪಿಎಫ್ ಇನ್ನೊಂದು 1,800. ಇಷ್ಟೆಲ್ಲ ಕಳೆದರೆ ಕೈಗೆ 22,679. ನಾನು ಮೊದಲ ತಿಂಗಳು ತೆಗೆದುಕೊಂಡದ್ದೂ ಹತ್ತಿರ ಹತ್ತಿರ ಅಷ್ಟೇ ಅಲ್ವಾ! ಸಿಟಿಸಿ, ಅಂದರೆ ಕಂಪನಿ ನಮಗಾಗಿ ಮಾಡುವ ಒಟ್ಟು ಖರ್ಚು, ಅನ್ನುವ ಸಂಖ್ಯೆಯನ್ನು ನಂಬಿ ಯಾರೂ ಮನೆ ಬಾಡಿಗೆಗೆ ಅಡ್ವಾನ್ಸ್ ಕೊಡಬೇಡಿ. ಕೈಗೆ ಎಷ್ಟು ಅಂತ ಎಚ್‌ಆರ್‌ನವರನ್ನು ನೇರವಾಗಿ ಕೇಳಿ, ಕೇಳಿದರೆ ಹೇಳುತ್ತಾರೆ.

ಆದರೆ ಆ ಸಂಬಳ ಬರುತ್ತದೆ. ಒಂಬತ್ತು ವರ್ಷ ಎಂಟು ತಿಂಗಳಲ್ಲಿ ಒಂದು ದಿನವೂ ತಡವಾಗಲಿಲ್ಲ. ಕೊರೋನಾ ಇದ್ದಾಗಲೂ ಬಂತು. ಈಗ ನಾನಿರುವುದು ಜಯನಗರದ ಎಪ್ಪತ್ತು ಜನರ ಕಂಪನಿಯಲ್ಲಿ. ಹೋದ ವರ್ಷ ಒಂದು ತಿಂಗಳು ಸಂಬಳ ಒಂಬತ್ತು ದಿನ ತಡವಾಯಿತು. ಮಾಲೀಕರು ಎಲ್ಲರನ್ನೂ ಕೂರಿಸಿ ಕಾರಣ ಹೇಳಿದರು, ಪ್ರಾಮಾಣಿಕವಾಗಿಯೇ ಹೇಳಿದರು. ಆದರೂ ಮನೆ ಸಾಲದ ಕಂತು 5ನೇ ತಾರೀಕಿಗೆ ಕಟ್ಟಾಗುತ್ತದೆ, ಅದು ಯಾರ ಕಾರಣವನ್ನೂ ಕೇಳುವುದಿಲ್ಲ. ಆ ಒಂಬತ್ತು ದಿನ ನನಗೆ ಹಳೆಯ ಕಂಪನಿ ತುಂಬಾ ನೆನಪಾಯಿತು. ಮನೆ ಸಾಲ ಸಿಕ್ಕಿದ್ದೂ ಆ ಹೆಸರಿನಿಂದಲೇ. ಬ್ಯಾಂಕುಗಳು ಕಂಪನಿಗಳನ್ನು ದರ್ಜೆ ಮಾಡಿಟ್ಟುಕೊಂಡಿರುತ್ತವೆ. ನನ್ನ ಸಂಬಳದ ಚೀಟಿ ನೋಡುವ ಮೊದಲೇ ಕಂಪನಿಯ ಹೆಸರು ನೋಡಿ ಬ್ಯಾಂಕಿನವರ ಮುಖ ಸಡಿಲವಾದದ್ದು ನನಗೆ ಕಾಣಿಸಿತು.

ಅಪ್ಪನ ವಿಷಯ. 2019ರ ನವೆಂಬರ್. ಎದೆನೋವು ಅಂತ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು, ಅಲ್ಲಿಂದ ರಾತ್ರಿಯೇ ಬೆಂಗಳೂರಿಗೆ. ಮೂರು ಕಡೆ ಬ್ಲಾಕ್, ಬೈಪಾಸ್ ಆಗಲೇಬೇಕು ಅಂದರು. ನನ್ನ ಹತ್ತಿರ ಇದ್ದದ್ದು ಕಂಪನಿಯ ವಿಮೆ ಕಾರ್ಡ್ ಒಂದೇ. ಸೇರಿದ ಮೊದಲ ವಾರ ಒಬ್ಬ ಸೀನಿಯರ್ ಹೇಳಿದ್ದಕ್ಕೆ ಅಪ್ಪ ಅಮ್ಮನ ಹೆಸರು ಸೇರಿಸಿದ್ದೆ, ತಿಂಗಳಿಗೆ ಸಂಬಳದಲ್ಲಿ ಸ್ವಲ್ಪ ಹಿಡಿಯುತ್ತಿದ್ದರು. ಅಪ್ಪನಿಗೆ ಮೊದಲಿನಿಂದ ಶುಗರ್ ಇತ್ತು, ಬಿಪಿ ಇತ್ತು. ಹೊರಗಿನ ಪಾಲಿಸಿ ಆಗಿದ್ದರೆ ಮೊದಲೇ ಇದ್ದ ಕಾಯಿಲೆ, ಕಾಯುವ ಅವಧಿ ಅಂತ ಎಷ್ಟೋ ಪ್ರಶ್ನೆ ಬರುತ್ತಿದ್ದವು. ನಮ್ಮ ಗುಂಪು ವಿಮೆಯಲ್ಲಿ ಮೊದಲ ದಿನದಿಂದಲೇ ಎಲ್ಲಕ್ಕೂ ರಕ್ಷಣೆ ಇತ್ತು. ಬಿಲ್ 2.9 ಲಕ್ಷ ಚಿಲ್ಲರೆ ಆಯಿತು. ನಾನು ಕಟ್ಟಿದ್ದು ಶೇಕಡ 10 ಮತ್ತು ವಿಮೆಯಲ್ಲಿ ಬಾರದ ಕೆಲವು ಸಣ್ಣ ಖರ್ಚು. ಮ್ಯಾನೇಜರ್ ಎರಡು ವಾರ ಆಸ್ಪತ್ರೆಯಿಂದಲೇ ಬೇಕಾದರೆ ಕೆಲಸ ಮಾಡು, ಇಲ್ಲದಿದ್ದರೆ ಬಿಡು ಅಂದರು. ತಂಡದಲ್ಲಿ ಹದಿನೆಂಟು ಜನ ಇದ್ದರು, ನಾನಿಲ್ಲದಿದ್ದರೂ ನಡೆಯುತ್ತಿತ್ತು. ದೊಡ್ಡ ಕಂಪನಿಯಲ್ಲಿ ನಾವು ಇಲ್ಲದಿದ್ದರೂ ನಡೆಯುತ್ತದೆ ಅನ್ನುವುದು ಬೇರೆ ದಿನಗಳಲ್ಲಿ ನೋವು ಕೊಡುತ್ತದೆ. ಅಂಥ ದಿನ ಅದೇ ಆಸರೆ. ಅಪ್ಪ ಈಗಲೂ ಬೆಳಗ್ಗೆ ಎದ್ದು ಊರ ಕೆರೆಯವರೆಗೆ ನಡೆಯುತ್ತಾರೆ.

ಈಗಿನ ಕಂಪನಿಯಲ್ಲಿ ವಿಮೆ ನನಗೆ, ಗಂಡನಿಗೆ, ಮಗುವಿಗೆ ಮಾತ್ರ. ಅಪ್ಪ ಅಮ್ಮನಿಗೆ ಬೇರೆ ಪಾಲಿಸಿ ಮಾಡಿಸಿದೆ, ವರ್ಷಕ್ಕೆ 60 ಸಾವಿರದ ಮೇಲೆ, ಹೃದಯದ ಕಾಯಿಲೆಗೆ ಮೂರು ವರ್ಷ ಕಾಯಬೇಕು. ಕಂಪನಿ ಬಿಡುವ ಮೊದಲೇ ಅದೇ ವಿಮಾ ಸಂಸ್ಥೆಗೆ ಹೋಗಿ, ಗುಂಪು ವಿಮೆಯಿಂದ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಕೇಳಬೇಕಿತ್ತು. ಹಾಗೆ ಬದಲಾಯಿಸಿಕೊಂಡರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ನನಗೆ ಇದು ಗೊತ್ತಾದದ್ದು ಬಿಟ್ಟ ಮೇಲೆ. ರಾಜೀನಾಮೆ ಬರೆಯುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಮೊದಲು ವಿಚಾರಿಸಿ.

ಬಸ್ಸಿನ ಬಗ್ಗೆಯೂ ಹೇಳಬೇಕು. ಮದುವೆಯಾದ ಮೇಲೆ ನಮ್ಮ ಮನೆ ಕತ್ರಿಗುಪ್ಪೆ. ವಾಟರ್ ಟ್ಯಾಂಕ್ ಹತ್ತಿರ ಬೆಳಗ್ಗೆ 6:50ಕ್ಕೆ ಕಂಪನಿ ಬಸ್ಸು. ಸಂಜೆ ಮನೆಗೆ ಎಂಟು, ಸಿಲ್ಕ್ ಬೋರ್ಡ್ ವೃತ್ತದ ಟ್ರಾಫಿಕ್ ಕೈಕೊಟ್ಟರೆ ಒಂಬತ್ತು. ದಿನಕ್ಕೆ ಮೂರು ಗಂಟೆ ಅಂತ ಹಿಡಿದರೂ ವರ್ಷಕ್ಕೆ ಏಳುನೂರು ಗಂಟೆ ರಸ್ತೆಯ ಮೇಲೆ. ಹತ್ತು ವರ್ಷದಲ್ಲಿ ನಾನು ಕಳೆದುಕೊಂಡದ್ದರಲ್ಲಿ ಇದು ದೊಡ್ಡದು. ಆದರೆ ಆ ಬಸ್ಸಿನಲ್ಲಿ ಸಿಕ್ಕ ಗೆಳತಿಯರು ಇವತ್ತಿಗೂ ಇದ್ದಾರೆ. ಮುಂದಿನ ನಾಲ್ಕು ಸೀಟು ನಮ್ಮದೇ. ಒಬ್ಬರು ಅವರೆಕಾಳು ಉಪ್ಪಿಟ್ಟು ತಂದರೆ ನಾನು ಊರಿನ ಶೇಂಗಾ ಚಟ್ನಿಪುಡಿ ಬಿಚ್ಚುತ್ತಿದ್ದೆ. ಯಾವ ತಂಡದಲ್ಲಿ ಯಾವ ಮ್ಯಾನೇಜರ್ ಒಳ್ಳೆಯವರು, ಎಲ್ಲಿ ಹೊಸ ಪ್ರಾಜೆಕ್ಟ್ ಬಂದಿದೆ ಅನ್ನುವುದೆಲ್ಲ ನನಗೆ ತಿಳಿದದ್ದು ಆ ಸೀಟುಗಳಲ್ಲಿ. ಈಗ ಹಳದಿ ಮೆಟ್ರೊ ಬಂದಿದೆ. 2025ರ ಆಗಸ್ಟ್‌ನಿಂದ ಆರ್‌ವಿ ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಓಡುತ್ತಿದೆ. ನನ್ನ ಕಾಲದಲ್ಲಿ ಇದು ಇದ್ದಿದ್ದರೆ ಮಗಳು ಅಂಬೆಗಾಲಿಡುವುದನ್ನು ಗಂಡ ಕಳಿಸಿದ ವಿಡಿಯೋದಲ್ಲಿ ನೋಡುವ ಬದಲು ಕಣ್ಣಾರೆ ನೋಡುತ್ತಿದ್ದೆನೇನೋ.

ಇಷ್ಟೆಲ್ಲ ಸುತ್ತ ಇರುವುದು. ಈಗ ಕೆಲಸಕ್ಕೆ ಬರುತ್ತೇನೆ.

ತರಬೇತಿಯಲ್ಲಿ ಜಾವಾ ಕಲಿಸಿದರು. ಪ್ರಾಜೆಕ್ಟ್ ಕೊಟ್ಟದ್ದು ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರಿನದು, ಭಾಷೆ ಹಳೆಯ ಕಾಲದ ಕೋಬಾಲ್. ಅಮೆರಿಕದ ಒಂದು ವಿಮಾ ಕಂಪನಿಯ ಹಳೆಯ ವ್ಯವಸ್ಥೆ, ನಾನು ಹುಟ್ಟುವುದಕ್ಕೂ ಮೊದಲು ಬರೆದ ಕೋಡ್ ಅದರಲ್ಲಿತ್ತು. ಆಯ್ಕೆ ನಮ್ಮದಲ್ಲ. ಆ ತಿಂಗಳು ಎಲ್ಲಿ ಜನ ಬೇಕೋ ಅಲ್ಲಿಗೆ ಕಳಿಸುತ್ತಾರೆ. ನನ್ನ ಜೊತೆ ತರಬೇತಿಯಲ್ಲಿ ಪಕ್ಕದಲ್ಲೇ ಕೂತಿದ್ದ ಹುಡುಗಿಗೆ ಕ್ಲೌಡ್ ಪ್ರಾಜೆಕ್ಟ್ ಸಿಕ್ಕಿತು. ಅಂಕಗಳು ನನ್ನದೇ ಸ್ವಲ್ಪ ಜಾಸ್ತಿ ಇದ್ದವು. ಅವಳು ನಾಲ್ಕನೇ ವರ್ಷಕ್ಕೆ ನನ್ನ ಎರಡರಷ್ಟು ಸಂಬಳಕ್ಕೆ ಬೇರೆ ಕಡೆ ಹೋದಳು. ಇಬ್ಬರ ದಾರಿ ಬೇರೆಯಾದದ್ದು ಒಂದು ಸೋಮವಾರ ಬಂದ ಎರಡು ಮೇಲ್‌ಗಳಿಂದ. ಮೊದಲ ಪ್ರಾಜೆಕ್ಟ್ ಬೇಡ ಅಂತ ಹೇಳಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹೇಳಿದರೆ ಯಾರೂ ತಲೆ ತೆಗೆಯುವುದಿಲ್ಲ, ಕೆಲವು ವಾರ ಬೆಂಚಿನಲ್ಲಿ, ಅಂದರೆ ಪ್ರಾಜೆಕ್ಟ್ ಇಲ್ಲದೆ ಸಂಬಳ ಕೊಟ್ಟು, ಕೂರಿಸುತ್ತಾರೆ ಅಷ್ಟೇ.

ಕೆಲಸ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಪಾಲಿಸಿದಾರರಿಗೆ ಹೋಗುವ ಒಂದು ಪತ್ರದಲ್ಲಿ ಒಂದು ಪದ ತಪ್ಪಾಗಿತ್ತು. ಒಂದು ಅಕ್ಷರ. ಸರಿ ಮಾಡಲು ನನಗೆ ಹಿಡಿದದ್ದು ನಾಲ್ಕು ನಿಮಿಷ. ಅದು ಗ್ರಾಹಕರ ಕೈ ಸೇರಿದ್ದು ಐದು ವಾರದ ಮೇಲೆ. ಮೊದಲು ಬದಲಾವಣೆಯ ಕೋರಿಕೆ, ಆಮೇಲೆ ಇದರಿಂದ ಬೇರೆ ಏನು ಕೆಡಬಹುದು ಅಂತ ಒಂದು ದಾಖಲೆ, ಎಷ್ಟು ಗಂಟೆ ಬೇಕು ಅಂತ ಅಂದಾಜು, ಅದಕ್ಕೆ ನಮ್ಮ ಕಡೆ ಇಬ್ಬರ ಒಪ್ಪಿಗೆ, ಆ ಕಡೆ ಮೂವರ ಒಪ್ಪಿಗೆ, ಎರಡು ಸುತ್ತು ಪರೀಕ್ಷೆ, ಕೊನೆಗೆ ಶನಿವಾರ ರಾತ್ರಿಯ ರಿಲೀಸ್, ಅದಕ್ಕೆ ಹನ್ನೊಂದು ಜನರ ಕಾಲ್. ಲಕ್ಷಾಂತರ ಜನರ ವಿಮೆ ಹಣ ಓಡಾಡುವ ವ್ಯವಸ್ಥೆ, ಜಾಗ್ರತೆ ಬೇಕು, ಒಪ್ಪುತ್ತೇನೆ. ಆದರೆ ಜಾಗ್ರತೆಯೇ ಕೆಲಸ ಆಗಿಬಿಟ್ಟರೆ ಕೈ ಮರೆತುಹೋಗುತ್ತದೆ. ನಾನು ಮೂರನೇ ವರ್ಷದಿಂದ ಕೋಡ್ ಬರೆದದ್ದಕ್ಕಿಂತ ಎಕ್ಸೆಲ್ ತುಂಬಿದ್ದೇ ಹೆಚ್ಚು.

ಇದು ನನಗೆ ಗೊತ್ತಾದದ್ದು 2021ರಲ್ಲಿ. ಹೊರಗೆಲ್ಲ ಜನ ಸಿಗದೆ ಎರಡು ಪಟ್ಟು ಸಂಬಳ ಕೊಟ್ಟು ಕರೆಯುತ್ತಿದ್ದ ಕಾಲ. ಏಳು ವರ್ಷದ ಅನುಭವ ಅಂತ ಬರೆದುಕೊಂಡು ಇಂಟರ್‌ವ್ಯೂಗೆ ಹೋದೆ. ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ ಅಂದರು. ತರಬೇತಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಬರೆಯುತ್ತಿದ್ದಂಥದ್ದು. ಕೈ ಓಡಲಿಲ್ಲ. ಎದುರಿಗಿದ್ದವರು ಒಳ್ಳೆಯವರು, ನೀರು ಕುಡಿಯಿರಿ, ನಿಧಾನವಾಗಿ ಮಾಡಿ ಅಂದರು. ಆಗಲಿಲ್ಲ. ಆ ಸಂಜೆ ಮನೆಗೆ ಬಂದು ಅತ್ತೆ. ಏಳು ವರ್ಷ ಒಂದು ದಿನವೂ ಸೋಮಾರಿಯಾಗಿ ಕೂತಿರಲಿಲ್ಲ ನಾನು. ದಿನಕ್ಕೆ ಹತ್ತು ಗಂಟೆ ದುಡಿದಿದ್ದೆ. ಆ ದುಡಿಮೆ ಆ ಒಂದು ಗ್ರಾಹಕ ಕಂಪನಿಯ ಆಚೆ ಎಲ್ಲೂ ಚಲಾವಣೆ ಆಗದ ನಾಣ್ಯ ಆಗಿತ್ತು. ದೊಡ್ಡ ಕಂಪನಿಯ ಬಗ್ಗೆ ನನ್ನ ದೊಡ್ಡ ದೂರು ಇದೇ. ಸಂಬಳ ಕಡಿಮೆ ಅನ್ನುವುದು ಎರಡನೆಯದು.

ಕಲಿಯಲು ಅವಕಾಶ ಇಲ್ಲ ಅಂತ ಹೇಳಲಾರೆ. ಒಳಗಿನ ಪೋರ್ಟಲ್‌ನಲ್ಲಿ ಸಾವಿರಾರು ಕೋರ್ಸ್ ಇದ್ದವು, ಹೊರಗಿನ ಸರ್ಟಿಫಿಕೇಟ್ ಪರೀಕ್ಷೆ ಪಾಸಾದರೆ ಫೀಸು ವಾಪಸ್ ಕೊಡುತ್ತಿದ್ದರು. ನಾನೂ ಎರಡು ಮಾಡಿಕೊಂಡೆ, ಈಗಿನ ಕೆಲಸ ಸಿಕ್ಕಿದ್ದು ಅದರಿಂದಲೇ. ಆದರೆ ಅದನ್ನು ಮಾಡಿದ್ದು ರಾತ್ರಿ ಹತ್ತರ ಮೇಲೆ, ಮಗಳನ್ನು ಮಲಗಿಸಿ. ಕಲಿತದ್ದನ್ನು ಬಳಸುವ ಕೆಲಸ ಕೊಡಿ ಅಂತ ಕೇಳಿದರೆ, ನಿನ್ನನ್ನು ಈ ಪ್ರಾಜೆಕ್ಟ್‌ನಿಂದ ಗ್ರಾಹಕರು ಬಿಡುವುದಿಲ್ಲ ಅನ್ನುವ ಉತ್ತರ. ಚೆನ್ನಾಗಿ ಕೆಲಸ ಮಾಡುವುದರಿಂದಲೇ ಹಳೆಯ ಕೆಲಸಕ್ಕೆ ಅಂಟಿಕೊಳ್ಳುವುದು ಎಷ್ಟು ಜನರಿಗೆ ಆಗಿದೆಯೋ.

ಇನ್ನು ರೇಟಿಂಗ್. ವರ್ಷಕ್ಕೊಮ್ಮೆ ಎಲ್ಲರನ್ನೂ ಬೆಲ್ ಕರ್ವ್ ಅನ್ನುವ, ದೇವಸ್ಥಾನದ ಗಂಟೆಯ ಆಕಾರದ ಗೆರೆಯೊಳಗೆ ಕೂರಿಸುತ್ತಾರೆ. ಮೇಲೆ ಕೆಲವರು, ಕೆಳಗೆ ಕೆಲವರು, ನಡುವೆ ಉಳಿದವರೆಲ್ಲ. ತಂಡದಲ್ಲಿ ಹತ್ತೂ ಜನ ಚೆನ್ನಾಗಿ ಮಾಡಿದ್ದರೂ ಒಬ್ಬರು ಕೆಳಗೆ ಹೋಗಲೇಬೇಕು. ಮಗಳು ಹುಟ್ಟಿದ ವರ್ಷ ಕೆಳಗೆ ಹೋದದ್ದು ನಾನು. 2017ರ ತಿದ್ದುಪಡಿ ಆದ ಮೇಲೆ ಕಾನೂನಿನಂತೆ 26 ವಾರ ಸಂಬಳದ ಹೆರಿಗೆ ರಜೆ ಸಿಗುತ್ತದೆ. ಕಂಪನಿ ಒಂದು ದಿನವೂ ಕಡಿಮೆ ಮಾಡದೆ ಕೊಟ್ಟಿತು, ವಾಪಸ್ ಬಂದಾಗ ಕ್ಯಾಂಪಸ್ಸಿನೊಳಗೇ ಮಕ್ಕಳ ಆರೈಕೆ ಕೇಂದ್ರ ಇತ್ತು, ಅಲ್ಲಿನ ಆಯಾ ನನ್ನ ಮಗಳನ್ನು ತಮ್ಮ ಮೊಮ್ಮಗಳ ಹಾಗೆ ನೋಡಿಕೊಂಡರು. ಇಷ್ಟೆಲ್ಲ ಕೊಟ್ಟ ಜಾಗದಲ್ಲೇ ಮ್ಯಾನೇಜರ್ ಕೂರಿಸಿಕೊಂಡು, ವರ್ಷದಲ್ಲಿ ಅರ್ಧ ಇರಲಿಲ್ಲವಲ್ಲ, ಬೇರೆಯವರಿಗೆ ಹೇಗೆ ಅನ್ಯಾಯ ಮಾಡಲಿ ಅಂದರು. ಆ ವರ್ಷದ ಹೆಚ್ಚಳ ಶೇಕಡ 2. ಮುಂದಿನ ಎಲ್ಲ ಹೆಚ್ಚಳಗಳೂ ಆ ತಗ್ಗಿದ ಸಂಖ್ಯೆಯ ಮೇಲೆಯೇ ಲೆಕ್ಕ ಆದವು. ರಜೆ ಕೊಡುವುದು ನಿಯಮ, ಅದಕ್ಕೇ ಕೊಟ್ಟರು. ರಜೆಯ ನಂತರ ನ್ಯಾಯವಾಗಿ ಅಳೆಯುವುದು ನಿಯಮದಲ್ಲಿ ಇರಲಿಲ್ಲ.

ನಿಷ್ಠೆಗೆ ಬೆಲೆ ಇಲ್ಲ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ನಾನೇ ಕೆಲಸ ಕಲಿಸಿದ ಹುಡುಗ ಒಬ್ಬ ಎರಡು ವರ್ಷಕ್ಕೆ ಬಿಟ್ಟು ಹೋದ. ಹೊರಗೆ ಎರಡು ವರ್ಷ ಇದ್ದು ಅದೇ ಕಂಪನಿಗೆ, ಅದೇ ಮಹಡಿಗೆ, ನನಗಿಂತ ಜಾಸ್ತಿ ಸಂಬಳಕ್ಕೆ ವಾಪಸ್ ಬಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಹುಡುಗ. ಅಲ್ಲೇ ಉಳಿದವರ ಸಂಬಳ ಸರಿ ಮಾಡಲು ಯಾವ ದಾರಿಯೂ ಇಲ್ಲದ, ಹೊರಗಿನಿಂದ ಬಂದವರಿಗೆ ಮಾತ್ರ ಮಾರುಕಟ್ಟೆ ಬೆಲೆ ಕೊಡುವ ಪದ್ಧತಿಯ ಮೇಲೆ ಸಿಟ್ಟು.

ಆನ್‌ಸೈಟ್, ಅಂದರೆ ಗ್ರಾಹಕರ ದೇಶಕ್ಕೇ ಹೋಗಿ ಕೆಲಸ ಮಾಡುವ ಆಸೆ ತೋರಿಸುವುದು ಇನ್ನೊಂದು. ಈ ವರ್ಷ ನಿನ್ನ ಹೆಸರು ಹಾಕುತ್ತೇವೆ ಅಂತ ಮೂರು ವರ್ಷ ಹೇಳಿದರು. ಅಮೆರಿಕದ ಕೆಲಸದ ವೀಸಾ ಎಚ್-1ಬಿ ಅಂದರೆ ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಓದಿದವರಿಗೆ ಇನ್ನೊಂದು 20,000. ಇಡೀ ಜಗತ್ತಿನಿಂದ ಅರ್ಜಿ, ಮೇಲೆ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಬೇರೆ ಘೋಷಿಸಿದರು. ಆದ್ದರಿಂದ ಯಾರಾದರೂ ಆನ್‌ಸೈಟ್ ಆಸೆಗೆ ದೊಡ್ಡ ಕಂಪನಿ ಸೇರುವುದಾದರೆ, ಆ ಆಸೆಯ ಮೇಲೆ ಮದುವೆ, ಮನೆ, ಸಾಲ ಏನನ್ನೂ ನಿಲ್ಲಿಸಬೇಡಿ.

ದೊಡ್ಡ ಕಂಪನಿ ಅಂದರೆ ಸರ್ಕಾರಿ ಕೆಲಸದ ಹಾಗೆ ಭದ್ರ ಅಂತ ನಮ್ಮ ಚಿಕ್ಕಪ್ಪ ಈಗಲೂ ನಂಬಿದ್ದಾರೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಶೇಕಡ 2ರಷ್ಟು ಜನರನ್ನು, ಅಂದರೆ 12 ಸಾವಿರಕ್ಕೂ ಜಾಸ್ತಿ, ಕಡಿಮೆ ಮಾಡುವುದಾಗಿ ಹೇಳಿದಾಗ ಅವರಿಗೆ ಪತ್ರಿಕೆ ತೋರಿಸಿದೆ. ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು ಅಂತ ಕಂಪನಿಯೇ ಹೇಳಿತ್ತು. ಎಂಟು ಹತ್ತು ವರ್ಷ ಒಂದೇ ಪ್ರಾಜೆಕ್ಟ್‌ನಲ್ಲಿ ಎಕ್ಸೆಲ್ ತುಂಬಿದವರಿಗೆ ಅಂಥ ಸುದ್ದಿ ಬಂದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. 2017ರಲ್ಲಿ ನಾನು 47 ದಿನ ಬೆಂಚಿನಲ್ಲಿದ್ದೆ. ದಿನಾ ಬೆಳಗ್ಗೆ ಸ್ವೈಪ್ ಮಾಡಿ ಒಳಗೆ ಹೋಗಿ, ಕೂತು, ಒಳಗಿನ ಇಂಟರ್‌ವ್ಯೂಗೆ ಯಾರಾದರೂ ಕರೆಯುತ್ತಾರಾ ಅಂತ ಕಾಯುವುದು. ಸಂಬಳ ಬರುತ್ತಿತ್ತು, ಊಟ ಸೇರುತ್ತಿರಲಿಲ್ಲ. ಕೊನೆಗೆ ಹೆದರಿ ಮತ್ತೆ ಮೇನ್‌ಫ್ರೇಮ್‌ಗೇ ಒಪ್ಪಿಕೊಂಡೆ.

ಕೇಳುವವರು ಇಲ್ಲ ಅಂತಲ್ಲ. ಕರ್ನಾಟಕದಲ್ಲಿ ಐಟಿ ನೌಕರರ ಸಂಘ ಕಿಟು ಇದೆ. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ದುಡಿಸಲು ದಾರಿ ಮಾಡುವ ಪ್ರಸ್ತಾಪ ಬಂದಾಗ ಅವರು ಬೀದಿಗಿಳಿದು ವಿರೋಧಿಸಿದರು. ನಮ್ಮ ಬಸ್ಸಿನ ಗೆಳತಿಯರಲ್ಲಿ ಒಬ್ಬರು ಹೋಗಿದ್ದರು. ನಾನಿದ್ದಾಗ ಸಂಘದ ಹೆಸರು ಹೇಳಲೂ ಹೆದರುತ್ತಿದ್ದೆವು, ಆ ಹೆದರಿಕೆ ಈಗಿನವರಲ್ಲಿ ಕಡಿಮೆ ಆಗಿರುವುದು ನನಗೆ ಖುಷಿ.

ಕನ್ನಡದ ಬಗ್ಗೆ ಒಂದು ಮಾತು. ತಂಡದ ಹದಿನೆಂಟು ಜನರಲ್ಲಿ ಕನ್ನಡದವರು ನಾವು ಮೂರು ಜನ. ಮೀಟಿಂಗ್ ಇಂಗ್ಲಿಷ್‌ನಲ್ಲಿ, ಹರಟೆ ಹಿಂದಿಯಲ್ಲಿ. ಮೊದಲ ಎರಡು ವರ್ಷ ಕ್ಯಾಂಟೀನಿನ ಊಟದ ಮೇಜಿನಲ್ಲಿ ನಾನು ಬರೀ ಕೇಳಿಸಿಕೊಳ್ಳುತ್ತಿದ್ದೆ. ಬಾಯಿತುಂಬ ಕನ್ನಡ ಮಾತಾಡುತ್ತಿದ್ದದ್ದು ಬಸ್ಸಿನ ಡ್ರೈವರ್ ಜೊತೆ, ಗೇಟಿನ ಸೆಕ್ಯುರಿಟಿ ಅಣ್ಣನ ಜೊತೆ, ಶಿಶು ಕೇಂದ್ರದ ಆಯಾ ಜೊತೆ. ಆಮೇಲೆ ಕಂಪನಿಯ ಕನ್ನಡ ಬಳಗ ಸಿಕ್ಕಿತು. ನವೆಂಬರ್‌ನಲ್ಲಿ ರಾಜ್ಯೋತ್ಸವ ಮಾಡುವುದಷ್ಟೇ ಅಲ್ಲ, ಬುಧವಾರ ಮಧ್ಯಾಹ್ನ ಅರ್ಧ ಗಂಟೆ ಬೇರೆ ರಾಜ್ಯದವರಿಗೆ ಕನ್ನಡ ಕಲಿಸುತ್ತಿದ್ದರು. ನಾನೂ ಒಂದು ವರ್ಷ ಕಲಿಸಿದೆ. ಒಡಿಶಾದ ಹುಡುಗನೊಬ್ಬ ಆಟೋದವರ ಜೊತೆ ಕನ್ನಡದಲ್ಲಿ ಮಾತಾಡಿ ಬಂದು ಹೇಳಿದ ದಿನ ಇಡೀ ತರಗತಿ ಚಪ್ಪಾಳೆ ತಟ್ಟಿತ್ತು. ಇಷ್ಟು ಕಡೆಯ ಜನ ಒಂದೇ ಸೂರಿನಡಿ ಸಿಗುವುದು ದೊಡ್ಡ ಜಾಗದಲ್ಲಿ ಮಾತ್ರ.

ಈಗಿನ ಕಂಪನಿಯಲ್ಲಿ ಮಂಗಳವಾರ ಬರೆದ ಕೋಡ್ ಗುರುವಾರ ಜನರ ಕೈಯಲ್ಲಿರುತ್ತದೆ. ತಪ್ಪಾದರೆ ಗ್ರಾಹಕರ ಫೋನು ನನಗೇ ಬರುತ್ತದೆ. ಮೊದಲ ಆರು ತಿಂಗಳು ಒದ್ದಾಡಿದೆ, ಈಗ ಕೈ ಮರಳಿ ಬಂದಿದೆ. ಆದರೆ ಇಲ್ಲಿ ಯಾರೂ ಏನನ್ನೂ ಬರೆದಿಡುವುದಿಲ್ಲ. ಒಬ್ಬರು ರಜೆ ಹೋದರೆ ಅವರ ತಲೆಯಲ್ಲಿದ್ದದ್ದೂ ರಜೆ ಹೋಗುತ್ತದೆ. ಬದಲಾವಣೆ ಮಾಡುವ ಮೊದಲು ಏನು ಕೆಡಬಹುದು ಅಂತ ಒಂದು ಪುಟ ಬರೆಯುವ ನನ್ನ ಹಳೆಯ ಅಭ್ಯಾಸವನ್ನು ಈಗ ಇಡೀ ತಂಡ ಹಿಡಿದಿದೆ. ಐದು ವಾರದ ಆ ಕಾಟದಲ್ಲಿ ಒಂದು ಒಳ್ಳೆಯ ಬೀಜವೂ ಇತ್ತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಬಿಡುವಾಗ 90 ದಿನದ ನೋಟಿಸ್. ಎಷ್ಟೋ ಕಂಪನಿಗಳು ಅಷ್ಟು ದಿನ ಕಾಯುವುದಿಲ್ಲ, ಆ ಕಾರಣಕ್ಕೇ ನನಗೆ ಎರಡು ಅವಕಾಶ ತಪ್ಪಿದವು. 2024ರ ಮಾರ್ಚ್‌ನಲ್ಲಿ ಕೊನೆಗೂ ಹೊರಗೆ ಬಂದೆ. ಗ್ರಾಚ್ಯುಟಿ 2,42,308 ರೂಪಾಯಿ. ಆಗ ಐದು ವರ್ಷ ದಾಟಿದವರಿಗೆ ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸುತ್ತಿದ್ದರು. ಕೊನೆಯ ವರ್ಷ ಆರು ತಿಂಗಳು ದಾಟಿದ್ದರೆ ಪೂರ್ತಿ ವರ್ಷದ ಲೆಕ್ಕ, ಹಾಗಾಗಿ ನನ್ನದು ಹತ್ತು. ನನ್ನ ಮೂಲ ವೇತನ 42 ಸಾವಿರ ಇತ್ತು. ಪಿಎಫ್ ತೆಗೆಯದೆ ಹೊಸ ಕಂಪನಿಗೆ ವರ್ಗಾಯಿಸಿದೆ.

ತಂಗಿಗೆ ನಾನು ದೊಡ್ಡದಕ್ಕೇ ಹೋಗು ಅಂದೆ. ಚಿಕ್ಕಪ್ಪನಿಗೆ ಕಿಡ್ನಿಯ ತೊಂದರೆ ಇದೆ, ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ, ಅವಳಿಗೆ ಕಲಿಯಲು ಸಮಯ ಬೇಕು. ಮನೆಯಲ್ಲಿ ಆಸರೆ ಇದ್ದು, ಕೋಡ್ ಬರೆಯುವ ಹುಚ್ಚು ಇದ್ದಿದ್ದರೆ ಸಣ್ಣದಕ್ಕೆ ಹೋಗು ಅನ್ನುತ್ತಿದ್ದೆ. ಮೊದಲ ಪ್ರಾಜೆಕ್ಟ್ ಹಿಡಿಸದಿದ್ದರೆ ಬಾಯಿಬಿಟ್ಟು ಹೇಳು, ಬೆಂಚಿಗೆ ಹೆದರಬೇಡ ಅಂದೆ. ಎರಡನೇ ವರ್ಷ ಮುಗಿದ ಮೇಲೆ ಬಿಡುವ ಯೋಚನೆ ಇಲ್ಲದಿದ್ದರೂ ಆರು ತಿಂಗಳಿಗೊಂದು ಹೊರಗಿನ ಇಂಟರ್‌ವ್ಯೂ ಕೊಡು, ನಿನ್ನ ಕೈ ಎಷ್ಟು ಓಡುತ್ತದೆ ಅಂತ ನಿನಗೆ ಗೊತ್ತಾಗಲಿ, ನನ್ನ ಹಾಗೆ ಏಳು ವರ್ಷ ಕಾಯಬೇಡ ಅಂದೆ.

ಅವಳು ಆಗಸ್ಟ್‌ನಲ್ಲಿ ಸೇರುತ್ತಾಳೆ. ಆಫರ್ ಪತ್ರದ ಆರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ, ವಿಮೆಗೆ ತಂದೆ ತಾಯಿಯ ಹೆಸರು ಸೇರಿಸಲು ಸೇರಿದ ದಿನದಿಂದ 30 ದಿನ ಮಾತ್ರ ಅಂತ. ಅದರ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಕೊಟ್ಟಿದ್ದೇನೆ. ಚಿಕ್ಕಪ್ಪ ಚಿಕ್ಕಮ್ಮನ ಆಧಾರ್ ಈಗಲೇ ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊ, ಮೊದಲ ದಿನ ಲ್ಯಾಪ್‌ಟಾಪ್ ಕೈಗೆ ಬಂದ ಕೂಡಲೇ ಮಾಡುವ ಕೆಲಸ ಅದೇ ಇರಲಿ ಅಂತ ಹೇಳಿದ್ದೇನೆ.